ಮುಂದಿನ ಸಾಲಿನ ಕುರ್ಚಿ

ಎಪ್ಪತ್ತೆಂಟರ ರಾಜ್ಯೋತ್ಸವದ ಹೊತ್ತಿಗೆ ಗೋವಿನಕೋವಿಯ ಯುವಕ ಸಂಘದ ಅಧ್ಯಕ್ಷ ಮುರುಗೇಶಪ್ಪ ಊರಿನ ನಾಲಗೆ ತಿದ್ದುವ ಕೆಲಸ ಕೈಗೆತ್ತಿಕೊಂಡಿದ್ದ. ಕಟ್ಟೆಯ ಮೇಲೆ ಯಾರಾದರೂ ಹಳೆಯ ಜಾತಿಮಾತು ಆಡಿದರೆ ತಡೆದು, ‘ಹರಿಜನ ಬಂಧುಗಳು’ ಎಂದು ಹೇಳಿಕೊಡುತ್ತಿದ್ದ. ಜನ ಹಾಗೇ ಅನ್ನುತ್ತಿದ್ದರು, ಅವನು ಅತ್ತ ಹೋಗುವವರೆಗೆ. ಅಡಿಕೆ ವ್ಯಾಪಾರದ ಪಂಚಾಕ್ಷರಪ್ಪ ಮಾತ್ರ ಒಮ್ಮೆ ಕೇಳಿಬಿಟ್ಟ: “ಕರಿಯಾಕೆ ಹೊಸ ಹೆಸ್ರು ಐತೆ, ಸರಿ. ಕೂರ್ಸಾಕೆ ಹೊಸ ಜಾಗ ಐತೇನ್ರಿ ಅಧ್ಯಕ್ಷರೇ?”

ಆ ವರ್ಷ ಕೇರಿಯ ನಾಗೇಂದ್ರಪ್ಪನಿಗೆ ಜಗಳೂರು ಕಡೆ ಮೇಷ್ಟ್ರ ಕೆಲಸ ಸಿಕ್ಕಿತ್ತು. ಸಂಘ ಸನ್ಮಾನ ಮಾಡುತ್ತೇವೆಂದಾಗ ಅವನು ಕೇಳಿದ್ದು ಒಂದೇ: ಅವ್ವನಿಗೆ ಮುಂದಿನ ಸಾಲಿನಲ್ಲಿ ಕುರ್ಚಿ. ಅವ್ವ ಹನುಮಂತಮ್ಮ ಆ ಸಾಲಿನಲ್ಲಿ ಕೂರುವವರೆಲ್ಲರ ಕಣ ಗುಡಿಸಿದವಳು. ಒಂದು ಸಂಜೆ ಅವರ ಸಮಕ್ಕೆ ಕೂತು, ಮಗನನ್ನು ಮೇಷ್ಟ್ರು ಅನ್ನುವುದನ್ನು ಕೇಳಲಿ ಎಂಬುದು ಅವನಾಸೆ. ಪಂಚಾಕ್ಷರಪ್ಪನಿಗೆ ಉತ್ತರ ಸಿಕ್ಕಿತೆಂದು ಮುರುಗೇಶಪ್ಪ ಕುರ್ಚಿಯನ್ನು ತಾನೇ ಹೊತ್ತು ತಂದ.

ಹನುಮಂತಮ್ಮ ಅದರ ಅಂಚಿಗೆ, ಯಾವಾಗ ಬೇಕಾದರೂ ಏಳುವಂತೆ ಕೂತಳು. ಪಕ್ಕದಲ್ಲಿದ್ದ ಅಧ್ಯಕ್ಷರ ಹೆಂಡತಿ ಸರ್ವಮಂಗಳಮ್ಮ ಸೀರೆ ಒತ್ತರಿಸಿಕೊಂಡಳು, ಆದರೆ ಏಳಲಿಲ್ಲ. ಊರಿನ ಮಟ್ಟಿಗೆ ಅದೇ ದೊಡ್ಡದು.

ಶಾಲೆಯ ಜಗಲಿಯೇ ವೇದಿಕೆ. ಮುರುಗೇಶಪ್ಪ ಮೈಕಿನ ಮುಂದೆ ಗಂಟಲು ಸರಿಮಾಡಿಕೊಂಡು, “ಈಗ, ನಮ್ಮೂರಿನ ಹರಿಜನ ಬಂಧುಗಳ ಪೈಕಿ...” ಎಂದು, ಆ ಮಾತು ಎಲ್ಲರಿಗೂ ಇಳಿಯಲೆಂದು ಸ್ವಲ್ಪ ತಡೆದ.

ಹನುಮಂತಮ್ಮ ಎದ್ದಳು. ಆ ಮಾತು ಮೈಕಿನಲ್ಲಿ ಬರುತ್ತಿದ್ದುದು ಸೀರೆಯೋ ಕಂಬಳಿಯೋ ಹಂಚುವಾಗ ಮಾತ್ರ. ತಡವಾಗಿ ಹೋದವರಿಗೆ ಸಿಗುತ್ತಿರಲಿಲ್ಲ. ಜಗಲಿಯ ಕೆಳಗೆ, ಯಾವಾಗಲೂ ನಿಲ್ಲುವ ಜಾಗದಲ್ಲಿ ನಿಂತು, ತಲೆ ತಗ್ಗಿಸಿ ಸೆರಗೊಡ್ಡಿದಳು.

ಹಿಂದೆ ಯಾರೋ ನಕ್ಕರು. ಮೇಲೆ ಕೂತಿದ್ದ ನಾಗೇಂದ್ರಪ್ಪ ತನ್ನ ಹೊಸ ಚಪ್ಪಲಿ ನೋಡತೊಡಗಿದ. ಅವಳು ಬೇರೆ ಯಾರ ಅವ್ವನೋ ಆಗಿದ್ದರೆ ಎಂದು ಒಂದು ಗಳಿಗೆ ಅನ್ನಿಸಿತು. ಅನ್ನಿಸಿದ್ದಕ್ಕೆ ಮುಖ ಸುಟ್ಟುಹೋಯಿತು.

ಮುರುಗೇಶಪ್ಪನಿಗೆ ಏನೂ ತೋಚಲಿಲ್ಲ. ಕೈಗೆ ತೋಚಿತು. ಮೇಜಿನ ಮೇಲಿದ್ದ ಸನ್ಮಾನದ ಶಾಲನ್ನೆತ್ತಿ ಅವಳ ಸೆರಗಿಗೆ ಬಿಟ್ಟ, ಒಂದು ಮೊಳ ಮೇಲಿನಿಂದ, ತಾಗದಂತೆ. ಬಿಟ್ಟಾದ ಮೇಲೆ ಆ ಕೈಯನ್ನೇ ನೋಡಿಕೊಂಡ. ಅದನ್ನು ಅವನು ತಿದ್ದಿರಲಿಲ್ಲ.

ನಾಗೇಂದ್ರಪ್ಪ ಇಳಿದು ಬಂದು ಅವ್ವನ ತೋಳು ಹಿಡಿದ.

“ಇಲ್ಲೇ ನಿಂತ್ಕಳಪ್ಪ,” ಎಂದಳು ಅವಳು ಮೆಲ್ಲಗೆ. “ನಿಂಗೂ ಕೊಡ್ತಾರೆ.”

ಮೈಕು ಹತ್ತಿರವಿತ್ತು. ಊರಿಗೆಲ್ಲ ಕೇಳಿತು, ಈ ಸಲ ಯಾರೂ ನಗಲಿಲ್ಲ. ಸರ್ವಮಂಗಳಮ್ಮ ಖಾಲಿ ಕುರ್ಚಿಯ ಕಡೆ ತಿರುಗದೆ ಕೂತಿದ್ದಳು.

“ಮೇಷ್ಟ್ರೇ, ಮೇಲೆ ಬರ್ರಿ,” ಎಂದ ಮುರುಗೇಶಪ್ಪ.

ನಾಗೇಂದ್ರಪ್ಪ ಅಲ್ಲೇ ನಿಂತ, ಅವ್ವನ ಪಕ್ಕದಲ್ಲಿ, ಕೈ ಚಾಚದೆ. ಮಾಲೆ ಹಾಕಬೇಕೆಂದರೆ ಮುರುಗೇಶಪ್ಪನೇ ಕೆಳಗಿಳಿಯಬೇಕಿತ್ತು. ಮಾಲೆ ಹಿಡಿದುಕೊಂಡು ಅವನು ಜಗಲಿಯ ಅಂಚಿನವರೆಗೆ ಬಂದ. ಅಲ್ಲಿಂದ ಮುಂದೆ ಕಾಲು ಏಳಲಿಲ್ಲ.