ಅಳಿಯನ ಹೊಳೆಯುವ ಗಾಲಿ, ಅತ್ತೆಯ ಅನುಮಾನ

ಮುಖ ನೋಡಿಯೇ ನಲವತ್ತು ಕಳ್ಳರನ್ನು ಹಿಡಿದವಳು ತಾನು ಎಂದು ಅತ್ತೆಮ್ಮ ಬೀದಿಗೆಲ್ಲ ಹೇಳಿಕೊಂಡು ಬಂದಿದ್ದಾಳೆ. ಒತ್ತಿ ಕೇಳಿದರೆ ಅರ್ಧ ಸುಳ್ಳು ಎಂದು ತಾನೇ ಒಪ್ಪಿಕೊಳ್ಳುತ್ತಾಳೆ. ಇನ್ನೂ ಒತ್ತಿದರೆ ನಲವತ್ತು ಹೋಗಿ ಎರಡಕ್ಕೆ ಇಳಿಯುತ್ತದೆ. ಆ ಇಬ್ಬರಲ್ಲಿ ಒಬ್ಬ, ಡಬ್ಬದ ಸಕ್ಕರೆ ಕದ್ದು ತಿನ್ನುತ್ತಿದ್ದ ಅವಳ ಗಂಡನೇ. ಪಾಪ, ಅವನು ಹೋಗಿ ಹನ್ನೆರಡು ವರ್ಷವಾಯಿತು. ಅನುಮಾನ ಮಾತ್ರ ಗಟ್ಟಿಮುಟ್ಟಾಗಿ ಬದುಕಿದೆ.

ಹೀಗಿರುವಾಗ ಒಂದು ಭಾನುವಾರ ಬೆಳಿಗ್ಗೆ ಅವಳ ಅಳಿಯ ನಾಲ್ಕು ದೊಡ್ಡ ಗಾಲಿ ತಂದು ಮನೆಯ ಮುಂದೆ ಸಾಲಾಗಿ ನಿಲ್ಲಿಸಿದ.

ಅಳಿಯ ಹಲ್ಲಿನ ಸೆಟ್ ಮಾಡುವವನು. ಹಿಂದಿನ ಕೋಣೆಯಲ್ಲಿ ಕೂತು ಊರಿನ ಬೊಚ್ಚುಬಾಯಿಗಳಿಗೆಲ್ಲ ನಗು ತಂದುಕೊಟ್ಟವನು. ಅತ್ತೆಮ್ಮನ ಬಾಯಲ್ಲಿರುವುದೂ ಅವನದೇ ಕೈಕೆಲಸ. ಕೆಲಸದಲ್ಲಿ ಕೂದಲೆಳೆಯಷ್ಟು ತಪ್ಪಿದರೂ ಅವನಿಗೆ ನಿದ್ದೆ ಬರುವುದಿಲ್ಲ. ಆದರೆ ಕಾರು ಅಂದರೆ ಬುದ್ಧಿಗೆ ರಜೆ. ಹೋದ ತಿಂಗಳು ಒಂದು ಹಳೆಯ ಕೆಂಪು ಕಾರು ಕೊಂಡಿದ್ದ. ತಗ್ಗು ಮೈ, ಚೂಪು ಮೂತಿ, ನಿಂತಲ್ಲೇ ಓಡುತ್ತಿರುವ ಹಾಗೆ ಕಾಣುವ ಜಾತಿ.

"ನೋಡಿ ಅತ್ತೆ, ಅಲಾಯ್ ವೀಲು. ಹೊಸ ಟೈರ್ ಸಮೇತ, ಅರ್ಧ ರೇಟಿಗೆ. ಹೆಂಗಿದೆ?"

ಗಾಲಿ ಎಷ್ಟು ಹೊಳೆಯುತ್ತಿತ್ತೆಂದರೆ, ಎದುರುಮನೆಯ ಹುಂಜ ಅದರಲ್ಲಿ ತನ್ನ ಮುಖ ಕಂಡು ಜಗಳಕ್ಕೆ ನಿಂತಿತು.

"ಇಷ್ಟು ಹೊಳೀತಿದೆ ಅಂದ್ರೆ ಏನೋ ಮುಚ್ಚಿಟ್ಟಿದಾರೆ."

"ನಿಮ್ಗೆ ಸೂರ್ಯ ಹೊಳೆದ್ರೂ ಅನುಮಾನ."

"ಸೂರ್ಯನ್ನ ಯಾರೂ ಅರ್ಧ ರೇಟಿಗೆ ಮಾರಲ್ಲ ಅಳಿಯಂದ್ರೇ. ಬಿಲ್ ಎಲ್ಲಿ?"

"ಬಿಲ್ ಯಾಕೆ? ಗೊತ್ತಿರೋ ಅಂಗಡಿಯವನು. ಯಾವ ಕಾರಿಗಾದ್ರೂ ಆಗತ್ತೆ ಅಂದ."

"ಎಲ್ಲಾರ್ಗೂ ಆಗೋದು ಗೋಣಿಚೀಲ ಒಂದೇ."

ಬಾಗಿಲಲ್ಲಿ ನಿಂತಿದ್ದ ಮಗಳು ಸೊಂಟದ ಮೇಲೆ ಕೈಯಿಟ್ಟುಕೊಂಡು ನಕ್ಕಳು. ಅವಳು ಎಂಟು ತಿಂಗಳ ಬಸುರಿ. ಮಂಗಳವಾರ ಇದೇ ಕಾರಿನಲ್ಲಿ ಆಸ್ಪತ್ರೆಗೆ ಹೋಗಬೇಕು. ದಾರಿಯಲ್ಲಿ ಸೇತುವೆಯ ಇಳಿಜಾರು, ಇಳಿದ ಕೂಡಲೇ ತಿರುವು. ಅತ್ತೆಮ್ಮನ ಕಣ್ಣು ಗಾಲಿಯಿಂದ ಮಗಳ ಹೊಟ್ಟೆಗೆ ಹೋಯಿತು, ಹೊಟ್ಟೆಯಿಂದ ಗಾಲಿಗೆ ಬಂತು.

"ಹಾಕಿಸೋಕೆ ನಾನೂ ಬರ್ತೀನಿ," ಎಂದು ಚಪ್ಪಲಿ ಮೆಟ್ಟಿದಳು.

ಟೈರ್ ಅಂಗಡಿ ನಡೆಸುವವಳು ಒಬ್ಬ ಹೆಂಗಸು. ಮೊಣಕೈವರೆಗೂ ಮಸಿ. ಬೀದಿಯವರಿಗೆಲ್ಲ ಅವಳು ಟೈರಕ್ಕ. ಅವಳು ಗಾಲಿಯನ್ನು ಮುಟ್ಟಲೇ ಇಲ್ಲ. ಮೊದಲು ಕಾರಿನ ಬಾಗಿಲು ತೆಗೆದು ಬಗ್ಗಿ ಏನೋ ಓದಿದಳು.

"ಯಾಕಮ್ಮಾ, ಬಾಗಿಲಲ್ಲಿ ನಿಂತು ಕಾದಂಬರಿ ಓದ್ತಿದೀಯಾ?" ಎಂದಳು ಅತ್ತೆಮ್ಮ.

"ಈ ಕಾರಿಗೆ ಯಾವ ಅಳತೆ ಟೈರು, ಎಷ್ಟು ಗಾಳಿ ಅಂತ ಕಾರು ಮಾಡಿದವ್ರೇ ಇಲ್ಲಿ ಚೀಟಿ ಅಂಟಿಸಿರ್ತಾರೆ ಅಜ್ಜಿ. ಗಾಲಿ ದೊಡ್ಡದಾದ್ರೆ ಸುತ್ತ ಇರೋ ರಬ್ಬರು ಅಷ್ಟೇ ಗಿಡ್ಡ ಆಗ್ಬೇಕು. ಒಟ್ಟು ಎತ್ತರ ಮೊದಲಿನಷ್ಟೇ ಇರ್ಬೇಕು. ಇದು ಎತ್ತರಾನೂ ಜಾಸ್ತಿ, ಅಗಲಾನೂ ಜಾಸ್ತಿ. ಟೈರಿನ ಮೇಲೆ ಬರೆದಿರೋ ಭಾರ ಹೊರೋ ನಂಬರ್ ಮಾತ್ರ ಕಮ್ಮಿ."

ಅತ್ತೆಮ್ಮ ಅಳಿಯನ ಕಿವಿಗೆ ಬಾಯಿಟ್ಟಳು. "ಇವಳ ಮೇಲೂ ಒಂದು ಕಣ್ಣಿರ್ಲಿ. ಅದು ಸರಿಯಿಲ್ಲ, ಇದು ಸರಿಯಿಲ್ಲ ಅಂದು ಕೊನೇಗೆ ತನ್ನ ಟೈರೇ ನಮ್ಮ ತಲೆಗೆ ಕಟ್ತಾಳೆ."

ಅವಳ ಪಿಸುಮಾತು ಮೂರು ಅಂಗಡಿ ಆಚೆಗೂ ಕೇಳುತ್ತದೆ. ಟೈರಕ್ಕ ನಕ್ಕಳು. "ಹಾಗಾದ್ರೆ ನನ್ನ ನಂಬಬೇಡಿ ಅಜ್ಜಿ. ನೀವೇ ಓದಿ. ಇಲ್ಲಿ, ಟೈರಿನ ಪಕ್ಕೆ ಮೇಲೆ ನಾಲ್ಕು ಅಂಕಿ ಇದೆ."

ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳಾದರೂ ಅಂಕಿಯಲ್ಲಿ ಅತ್ತೆಮ್ಮ ಪಕ್ಕಾ. "ಒಂದು, ಒಂದು, ಒಂದು, ಏಳು."

"ಮೊದಲೆರಡು ವಾರ, ಕೊನೆಯೆರಡು ವರ್ಷ. ಎರಡು ಸಾವಿರದ ಹದಿನೇಳರ ಹನ್ನೊಂದನೇ ವಾರ ಮಾಡಿದ ಟೈರು ಇದು."

"ಅಯ್ಯಯ್ಯೋ! ಆವಾಗ ನಿಮ್ಗೆ ನನ್ನ ಮಗಳ ಹೆಸರೂ ಗೊತ್ತಿರ್ಲಿಲ್ಲ ಅಳಿಯಂದ್ರೇ! ಇದಕ್ಕಾ ಹೊಸದು ಅಂದಿದ್ದು ನಿಮ್ಮ ಗೊತ್ತಿರೋನು?"

ಟೈರಕ್ಕ ಒದ್ದೆ ಬಟ್ಟೆಯಲ್ಲಿ ರಬ್ಬರನ್ನು ಉಜ್ಜಿದಳು. ಪಾಲಿಶ್ ಬಟ್ಟೆಗೆ ಬಂತು, ಕೆಳಗೆ ಸಣ್ಣ ಸಣ್ಣ ಬಿರುಕುಗಳು ಕಂಡವು. ಅಳಿಯನ ಮುಖ ಚಿಕ್ಕದಾಯಿತು. ಆಸೆ ಚಿಕ್ಕದಾಗಲಿಲ್ಲ.

"ಟೈರ್ ಬೇರೆ ಹಾಕಿಸ್ಕೊಂಡ್ರಾಯ್ತು. ಗಾಲಿ ಚೆನ್ನಾಗಿದೆ. ನಟ್ಟು ಕೂತ್ರೆ ಮುಗೀತಲ್ಲ?"

"ಕೂರಿಸಿಯೇ ನೋಡೋಣ. ರೋಡಿಗೆ ಬೇಡ, ಅಂಗಳದಲ್ಲೇ," ಎಂದು ಟೈರಕ್ಕ ಮುಂದಿನ ಎರಡು ಗಾಲಿ ಹಾಕಿದಳು. ಅತ್ತೆಮ್ಮನ ಜೊತೆ ಇಬ್ಬರು ದಪ್ಪ ಗಿರಾಕಿಗಳನ್ನೂ ಒಳಗೆ ತುಂಬಿದಳು. ಕಾರು ಬಸುರಿ ಬೆಕ್ಕಿನಂತೆ ನೆಲಕ್ಕೆ ಕುಸಿಯಿತು. ಅಳಿಯ ಸ್ಟೇರಿಂಗ್ ಪೂರ್ತಿ ತಿರುಗಿಸಿ ಒಂದು ಮಾರು ಹಿಂದೆ ಮುಂದೆ ಓಡಿಸಿದ.

"ನೋಡಿ, ಎಲ್ಲೂ ಸದ್ದೇ ಇಲ್ಲ!"

"ಅಳಿಯಂದ್ರೇ, ಮೊದಲ ಸಲ ಸೆಟ್ ಹಾಕಿದಾಗ ನನ್ನ ಬಾಯಲ್ಲೂ ಸದ್ದಿರ್ಲಿಲ್ಲ. ಎರಡು ದಿನಕ್ಕೆ ವಸಡೆಲ್ಲ ಹುಣ್ಣು. ಆಮೇಲೆ ನೀಲಿ ಕಾಗದ ಕಚ್ಚಿಸಿ, ಎಲ್ಲಿ ಒತ್ತತ್ತೆ ಅಂತ ಹುಡುಕಿದ್ರಿ. ತೆಗೀರಿ ಆ ಕಾಗದಾನ."

"ಕಪ್ಪು ರಬ್ಬರಿನ ಮೇಲೆ ನೀಲಿ ಕಾಣಲ್ಲ ಅಜ್ಜಿ. ಐಡಿಯಾ ಸರಿಯಿದೆ," ಎಂದು ಟೈರಕ್ಕ ಸೀಮೆಸುಣ್ಣ ತಂದು ಟೈರಿನ ಅಂಚಿಗೆಲ್ಲ ಬಳಿದಳು. ಅಳಿಯ ಮತ್ತೆ ತಿರುಗಿಸಿದ, ಮತ್ತೆ ಓಡಿಸಿದ. ಇಳಿದು ಬಗ್ಗಿ ನೋಡಿದರೆ, ಮಡ್‌ಗಾರ್ಡಿನ ಒಳಗೆ ಹೆಬ್ಬೆರಳು ದಪ್ಪದ ಬಿಳಿ ಗೆರೆ.

"ಇಲ್ಲೇ ಉಜ್ಜೋದು. ಜೋರಾಗಿ ಹೋಗ್ತಾ ಗುಂಡಿಗೆ ಬಿದ್ರೆ ಟೈರ್ ಹರಿಯತ್ತೆ," ಎಂದಳು ಟೈರಕ್ಕ.

ಅಳಿಯ ಗಾಲಿ ಬಿಚ್ಚಿಸಿದ. ಜೇಬಿನಿಂದ ಬಾಯೊಳಗೆ ನೋಡುವ ಪುಟ್ಟ ಕನ್ನಡಿ ತೆಗೆದ. ಟಾರ್ಚ್ ಹಿಡಿದು ಒಂದೊಂದೇ ಗಾಲಿಯ ಒಳಮೈಯನ್ನು ಹಲ್ಲು ನೋಡುವ ಹಾಗೆ ನೋಡಿದ. ಮೂರನೆಯದರಲ್ಲಿ ಕೈ ನಿಂತಿತು. ಬಣ್ಣದ ಕೆಳಗೆ ಬೆಸುಗೆಯ ಉಬ್ಬು, ಪಕ್ಕದಲ್ಲೇ ಕೂದಲಿನಂಥ ಹೊಸ ಬಿರುಕು.

"ಒಡೆದ ಸೆಟ್ಟಿಗೆ ಅಂಟು ಹಾಕಿ ಪಾಲಿಶ್ ಹೊಡೆದಂಗಿದೆ," ಎಂದ ಮೆಲ್ಲಗೆ. "ಮಂಗಳವಾರ ಇದ್ರಲ್ಲಿ ಅವಳನ್ನ ಕೂರಿಸ್ಕೊಂಡು ಹೋಗ್ತಿದ್ದೆ ಅತ್ತೆ."

ಅತ್ತೆಮ್ಮನ ನಾಲಿಗೆಯ ತುದಿಯಲ್ಲಿ ಒಂದು ಲಾರಿ ಲೋಡು ಕುಹಕ ಕಾದಿತ್ತು. ಅವನು ಕನ್ನಡಿ ಒರೆಸಿ ಮತ್ತೆ ಅದೇ ಬಿರುಕಿಗೆ ಹಿಡಿಯುವುದನ್ನು ನೋಡಿ ಅಷ್ಟನ್ನೂ ನುಂಗಿಕೊಂಡಳು.

ಟೈರಕ್ಕ ಹಳೆಯ ಗಾಲಿಗಳನ್ನೇ ಹಾಕಿ, ಚೀಟಿಯಲ್ಲಿದ್ದಷ್ಟೇ ಗಾಳಿ ತುಂಬಿದಳು. "ಸ್ವಲ್ಪ ಓಡಿಸಿ ಮತ್ತೆ ಬನ್ನಿ, ನಟ್ಟು ಇನ್ನೊಂದ್ಸಲ ನೋಡ್ಬೇಕು."

"ಈಗ ಏನು ಮಾರ್ತೀಯ, ಹೇಳು," ಎಂದಳು ಅತ್ತೆಮ್ಮ.

"ಏನೂ ಇಲ್ಲ ಅಜ್ಜಿ. ನಿಮ್ಮ ಹಳೇ ಟೈರ್ ಚೆನ್ನಾಗಿದೆ."

ಅನುಮಾನಕ್ಕೆ ಕೆಲಸವಿಲ್ಲದೆ ಅತ್ತೆಮ್ಮನಿಗೆ ಸ್ವಲ್ಪ ಬೇಜಾರೇ ಆಯಿತು.

ಅಣ್ಣಂದಿರೇ, ಅಕ್ಕಂದಿರೇ, ಚೆಂದದ ಗಾಲಿಗೆ ಆಸೆಪಡಬೇಡಿ ಎಂದು ಯಾರೂ ಹೇಳುವುದಿಲ್ಲ. ಆಸೆಪಡಿ. ಆದರೆ ಅಂಗಡಿಗೆ ಹೋಗುವ ಮೊದಲು ನಿಮ್ಮ ಕಾರಿನ ಬಾಗಿಲಲ್ಲಿರುವ ಚೀಟಿ ಓದಿಕೊಳ್ಳಿ. ಭಾರದ ನಂಬರ್ ಅದಕ್ಕಿಂತ ಕಮ್ಮಿ ಇರುವ ಟೈರ್ ಬೇಡವೇ ಬೇಡ. ನಾಲ್ಕು ಅಂಕಿ ನೋಡದೆ ಟೈರ್ ಕೊಳ್ಳಬೇಡಿ. ಹಳೆಯ ಗಾಲಿಯಾದರೆ ತೊಳೆಸಿ ಒಳಮೈ ನೋಡಿ. ಬಿಲ್ ಕೇಳಿ. ಹೊಳಪು ನೋಡಿದಾಗಲೆಲ್ಲ ಆ ಕಾರಿನಲ್ಲಿ ಕೂರುವವರು ಯಾರು ಎಂದು ಒಮ್ಮೆ ನೆನೆಯಿರಿ. ಅನುಮಾನಕ್ಕೆ ಕಾಸು ಖರ್ಚಿಲ್ಲ.

ಇನ್ನು ಆ ಗಾಲಿಗಳ ಕಥೆ. ಅತ್ತೆ ಅಳಿಯ ಇಬ್ಬರೂ ಅವನ್ನು ಹೊತ್ತು ನೇರ ಮಾರಿದವನ ಅಂಗಡಿಗೇ ಹೋದರು. ಅಂಗಡಿ ತುಂಬ ಗಿರಾಕಿಗಳು.

"ಮಾರಿದ್ದು ವಾಪಸ್ ತಗೊಳಲ್ಲ," ಎಂದ ಅವನು. "ಹೊಳಪು ನೋಡಿ. ಯಾವ ಕಾರಿಗಾದ್ರೂ ಆಗತ್ತೆ."

ಅತ್ತೆಮ್ಮ ಬಾಯಿಗೆ ಕೈ ಹಾಕಿದಳು. ಸೆಟ್ ಹೊರಗೆ ತೆಗೆದು, ಅವನ ಮೇಜಿನ ಮೇಲೆ ಠಕ್ ಅಂತ ಇಟ್ಟಳು.

"ಇದೂ ಹೊಳೀತದೆ ಮಗಾ. ಯಾವ ಬಾಯಿಗಾದ್ರೂ ಆಗತ್ತೆ. ಹಾಕ್ಕೋ, ನೋಡೋಣ."

ಗಿರಾಕಿಗಳೆಲ್ಲ ತಿರುಗಿದರು. ಅಂಗಡಿಯವನು ಹಲ್ಲು ನೋಡಿದ, ಗಾಲಿ ನೋಡಿದ, ಗಿರಾಕಿಗಳ ಮುಖ ನೋಡಿದ. ಆಮೇಲೆ ಎರಡರಲ್ಲಿ ಒಂದಕ್ಕೆ ಕೈ ಚಾಚಿದ.

ಯಾವುದಕ್ಕೆ? ಹೇಳಿ ನೋಡೋಣ.