ಭಾವನ ಅಂಗಡಿಯ ಕಂಬ

ಕಂಬಗಳಿಗೆ ಕಬ್ಬಿಣ ಕಟ್ಟುವುದು ನನ್ನ ಕಸುಬು. ಭೂಕಂಪಕ್ಕೆ ಹೆಸರಾದ ಹತಾಯ್ ಸೀಮೆಯ ನಮ್ಮೂರಿನಲ್ಲಿ ಆ ಐದು ಅಂತಸ್ತಿನ ಕಟ್ಟಡದ ಕಂಬಗಳಿಗೆ, ಸರಳುಗಳನ್ನು ಸುತ್ತಿ ಬಿಗಿಯುವ ರಿಂಗು ಕಟ್ಟಿದವನೂ ನಾನೇ. ಭೂಮಿ ನಡುಗಿದಾಗ ಬಿಚ್ಚಿಕೊಳ್ಳಬಾರದೆಂದು ಒಂದೊಂದು ರಿಂಗಿನ ಕೊಕ್ಕೆಯನ್ನೂ ಒಳಕ್ಕೆ ಬಗ್ಗಿಸಿದ್ದೆ. ಮೂರನೇ ಅಂತಸ್ತಿನಲ್ಲಿ ನನ್ನ ಅಕ್ಕ ಗುಲ್ಸುಮ್ ಇದ್ದಳು. ನೆಲಮಹಡಿಯಲ್ಲಿ ಅವಳ ಗಂಡ ಜೆವ್ದೆತ್ ಕ್ಯುನೆಫೆ ಸಿಹಿಯ ಅಂಗಡಿ ತೆರೆಯುವವನಿದ್ದ. ನಮ್ಮೂರಿನವರು ಅಂಗಡಿಗೆ ಬೋರ್ಡು ಬರೆಸುವ ಮೊದಲು, ಜಾಗ ಅಗಲವಾಗಲೆಂದು ನಡುವಿನ ಕಂಬ ಕಡಿಸುತ್ತಾರೆ. ಹಾಳು ಬುದ್ಧಿ.

ನಾನು ಹೋದಾಗ ಭಾವನೇ ಡ್ರಿಲ್ ಹಿಡಿದು ಕಂಬ ಕೊರೆಯುತ್ತಿದ್ದ. ಕಾಂಕ್ರೀಟು ಉದುರಿ ರಿಂಗುಗಳು ಕಾಣತೊಡಗಿದ್ದವು.

"ಭಾವ, ನಿಲ್ಸು. ಮೇಲೆ ಅಕ್ಕ ಇದ್ದಾಳೆ."

"ಇನ್ನೂ ಹನ್ನೊಂದು ಕಂಬ ಇವೆಯಲ್ಲೋ. ಒಂದು ಹೋದ್ರೆ ನಿನ್ನಪ್ಪನ ಗಂಟೇನು ಹೋಗುತ್ತೆ?"

"ಅಕ್ಕ ಹೋಗ್ತಾಳೆ."

"ಕಬ್ಬಿಣ ಕಟ್ಟೋನು ಕಬ್ಬಿಣ ಕಟ್ಟು. ನಂಗೆ ಪಾಠ ಹೇಳ್ಬೇಡ."

ಮತ್ತೆ ಡ್ರಿಲ್ ಶುರುಮಾಡಿದ. ನನಗೆ ಸಿಟ್ಟು ನೆತ್ತಿಗೇರಿತು. ಅಲ್ಲೇ ಬಿದ್ದಿದ್ದ ಸುತ್ತಿಗೆ ಎತ್ತಿ ಅವನ ಬಲಗೈ ಮಣಿಕಟ್ಟಿಗೆ ಬಾರಿಸಿದೆ. ಡ್ರಿಲ್ ಬಿತ್ತು. ಬಗ್ಗಿ ಎಡಗೈಯಿಂದ ಎತ್ತಿಕೊಳ್ಳಲು ಹೋದ, ಮೊಂಡ. ಬಲಗೈಯನ್ನು ನೆಲಕ್ಕೆ ತುಳಿದು ಹಿಡಿದು ಇನ್ನೊಂದು ಏಟು ಕೊಟ್ಟೆ. ಮೂಳೆ ಚರ್ಮ ಹರಿದು ಹೊರಬಂತು. ಅಕ್ಕ ಓಡಿ ಬಂದು ಗಂಡನ ಮೇಲೆ ಬಿದ್ದುಕೊಂಡಳು.

"ನೀನು ಸತ್ತೆ ಅಂದ್ಕೊಳ್ತೀನಿ," ಎಂದಳು ನನಗೆ.

ಹದಿನಾಲ್ಕು ತಿಂಗಳು ಜೈಲು. ಪೊಲೀಸರು ಬಂದದ್ದರಿಂದ ಕಂಬ ಕೊರೆದ ಸುದ್ದಿ ಪುರಸಭೆಗೆ ಮುಟ್ಟಿ, ಅವರು ಅಂಗಡಿಗೆ ಬೀಗ ಜಡಿದು ಕಂಬ ರಿಪೇರಿ ಮಾಡಿಸಿದರು. ಭಾವನ ಬಲಗೈ ಬೆರಳುಗಳು ಮಾತ್ರ ಮತ್ತೆ ಮಡಚಿಕೊಳ್ಳಲಿಲ್ಲ.

ನಾನು ಬಿಡುಗಡೆಯಾದ ವರ್ಷವೇ, ಒಂದು ಮಧ್ಯಾಹ್ನ, ಭೂಮಿ ಮೊದಲು ಕುಲುಕಿತು, ಆಮೇಲೆ ಒದೆಯಿತು. ಓಡಿ ಆ ಬೀದಿಗೆ ಬಂದೆ. ಅಕ್ಕನ ಕಟ್ಟಡ ಬಿರುಕುಬಿಟ್ಟು ನಿಂತಿತ್ತು. ಎದುರಿನದು ಆಳೆತ್ತರಕ್ಕೆ ಕುಸಿದು ಮಲಗಿತ್ತು. ಅದರ ಕೆಳಗೂ ಅಂಗಡಿ, ಅಲ್ಲೂ ಕಂಬ ಕಡಿದಿದ್ದರು. ಮೊದಲ ಮಹಡಿಯಲ್ಲಿ ಭಾವನ ತಾಯಿ ಇದ್ದಳು.

ಒಡೆದ ಚಪ್ಪಡಿಯೊಂದರ ಅಡಿಯಿಂದ ಮುದುಕಿಯ ದನಿ ಬರುತ್ತಿತ್ತು. ನನಗಿಂತ ಮೊದಲೇ ಬಂದಿದ್ದ ಭಾವ ಒಂದು ಕಡೆ ಹಿಡಿದ, ನಾನು ಇನ್ನೊಂದು ಕಡೆ. ಎತ್ತಿದೆವು. ಗೇಣುದ್ದ ಎದ್ದಿತು.

"ಬಿಡ್ಬೇಡ ಭಾವ."

"ಕೈ ಹಿಡೀತಿಲ್ಲ ಕಣೋ," ಎಂದ ಅವನು ಅಳುತ್ತಾ.

ಚಪ್ಪಡಿ ಅವನ ಕಡೆಯಿಂದ ಜಾರಿ ಬಿತ್ತು. ಮುದುಕಿಯ ದನಿ ನಿಂತುಹೋಯಿತು.

ಅಷ್ಟರಲ್ಲಿ ಅಕ್ಕ ಮೆಟ್ಟಿಲಿಳಿದು ಬಂದಳು, ಮೈತುಂಬ ಸುಣ್ಣದ ಧೂಳು. ಗಂಡನ ಕೈ ನೋಡಿದಳು, ಚಪ್ಪಡಿ ನೋಡಿದಳು, ನನ್ನ ಕೆನ್ನೆಗೆ ಬಾರಿಸಿದಳು. ಮತ್ತೆ ಮತ್ತೆ ಬಾರಿಸಿದಳು. ನಾನು ಮುಖ ತಿರುಗಿಸಲಿಲ್ಲ. ಹೊಡೆಯಲಿ. ಹೊಡೆಯಲಿಕ್ಕಾದರೂ ಉಳಿದಳಲ್ಲ.