ಬಚ್ಚಲ ಸೀಲಿಂಗೂ ಮಾವನ ಮಟ್ಟಗೋಲೂ

ಹೋದ ಭಾನುವಾರ ಊಟದ ಮೇಜಿನಲ್ಲಿ ಲೋರ್ನಾಳ ಗಂಡನ ಅಪ್ಪ ಕ್ಲಿಫ್ ಮಾವ ಆಲೂಗಡ್ಡೆ ಮೇಲೆ ಗ್ರೇವಿ ಸುರಿದುಕೊಳ್ಳುತ್ತಲೇ ತೀರ್ಪು ಕೊಟ್ಟುಬಿಟ್ಟಿದ್ದರು.

"ಬಚ್ಚಲಿಗೆ ಹೊಸ ಸೀಲಿಂಗು ಹಾಕೋದು ನಿನ್ನ ಕೈಲಾಗೋದಲ್ಲಮ್ಮ ಲೋರ್ನಾ. ಮುಂದಿನ ವಾರ ಬಂದು ಮಟ್ಟಗೋಲು ಇಡ್ತೀನಿ. ಅದರ ಗಾಜಿನ ಕೊಳವೆಯೊಳಗಿನ ಗುಳ್ಳೆ ನಡುವಿಂದ ಕೂದಲೆಳೆಯಷ್ಟು ಸರಿದಿದ್ರೂ ಬೇಸಿಗೆ ಪೂರ್ತಿ ಇಲ್ಲೇ ಇದ್ದು ಎಲ್ಲಾ ರಿಪೇರಿ ನಾನೇ ಮಾಡ್ತೀನಿ."

ಬೇಸಿಗೆ ಪೂರ್ತಿ! ಮಾವ ಒಳ್ಳೆಯವರೇ, ಯಾರು ಇಲ್ಲವೆಂದರು? ಆದರೆ ನಿವೃತ್ತ ಬಡಗಿ. ಅವರು ಬಂದರೆ ಬೆಳಗ್ಗೆ ಐದಕ್ಕೇ ಸುತ್ತಿಗೆ ಸದ್ದು, ಟೀ ಕಪ್ಪಿನಲ್ಲಿ ಮೊಳೆ, ಅಡುಗೆಮನೆಗೆ ಅವರಿಷ್ಟದ ಕಂದು ಬಣ್ಣ. ಲೋರ್ನಾ ಹಳದಿ ಬೇಕೆಂದು ಎಷ್ಟೋ ಸಲ ಹೇಳಿದ್ದಳು. ಈ ಮನೆ ಮೊದಲು ಅವರದೇ. ಬಚ್ಚಲ ಟೈಲ್ಸ್, ಅಡುಗೆಮನೆ ಕಪಾಟು ಎಲ್ಲ ಅವರ ಕೈಕೆಲಸ. ಪ್ರತಿ ಕ್ರಿಸ್‌ಮಸ್‌ಗೂ ಆ ಕಥೆ ಕೇಳಲೇಬೇಕು.

ಸರಿ, ಶನಿವಾರ ಲೋರ್ನಾ ಏಣಿ ಹತ್ತಿದಳು. ಇಂಗ್ಲೆಂಡಿನ ಗ್ರಿಮ್ಸ್‌ಬಿ ಊರಿನ ಹಳೇ ಸಾಲುಮನೆ ಸೀಲಿಂಗ್ ತಾನೆ, ಒಂದು ಕಡೆ ಹೊಟ್ಟೆ, ಇನ್ನೊಂದು ಕಡೆ ಗುಳಿ. ಹೊಸ ಹಲಗೆ ಕೂರಿಸಲು ಮೊದಲು ಮರದ ಪಟ್ಟಿ ಹೊಡೆದಳು. ಗುಳಿಯಿದ್ದಲ್ಲೆಲ್ಲ ಪಬ್‌ನಿಂದ ತಂದ, ಬಿಯರ್ ಲೋಟದಡಿ ಇಡುವ ರಟ್ಟಿನ ಬಿಲ್ಲೆಗಳನ್ನು ತುರುಕಿ ಪಟ್ಟಿಯನ್ನು ಮಟ್ಟಕ್ಕೆ ತಂದಳು. ಗಂಡ ನೀಲ್ ಸ್ನಾನದ ತೊಟ್ಟಿಯಲ್ಲಿ ನಿಂತು ಪ್ಲಾಸ್ಟಿಕ್ ಹಲಗೆಯನ್ನು ತಲೆಯಿಂದಲೂ ಪೊರಕೆಯಿಂದಲೂ ಎತ್ತಿ ಹಿಡಿದಿದ್ದ.

"ಬೇಗ ಕಣೇ, ಮೂಗು ತುರಿಸ್ತಿದೆ!"

"ತಡ್ಕೊಳೋ ಮಾರಾಯ, ಇನ್ನೊಂದೇ ಸ್ಕ್ರೂ!"

ಅವನು ಸೀನಿದ. ಹಲಗೆ, ಪೊರಕೆ, ಲೋರ್ನಾ, ಎಲ್ಲರೂ ತೊಟ್ಟಿಗೆ ಬಿದ್ದರು. ಹೊಟ್ಟೆ ಹುಣ್ಣಾಗುವಷ್ಟು ನಕ್ಕು, ಎದ್ದು, ಮತ್ತೆ ಶುರುಮಾಡಿದರು.

ಭಾನುವಾರ ಮಧ್ಯಾಹ್ನ ಕೊನೆಯ ಹಲಗೆ ಟಕ್ಕೆಂದು ಕೂತಿತು. ಪಕ್ಕದ ಮನೆಯಿಂದ ತಂದ ಮಟ್ಟಗೋಲು ಇಟ್ಟರೆ ಗುಳ್ಳೆ ನಟ್ಟನಡುವೆ! ಲೋರ್ನಾ ಕುಣಿಯುತ್ತ ಏಣಿ ಇಳಿದು ಕೆಳಗಿನಿಂದ ನೋಡಿದಳು. ಕುಣಿತ ಅಲ್ಲೇ ನಿಂತಿತು. ಟೈಲ್ಸಿನ ಮೇಲಿನ ಸಾಲಿಗೂ ಹೊಸ ಸೀಲಿಂಗಿಗೂ ನಡುವೆ ಕಿಟಕಿ ಹತ್ತಿರ ಎರಡು ಬೆರಳು ಜಾಗ, ಬಾಗಿಲ ಹತ್ತಿರ ನಾಲ್ಕು. ಯಾರು ನೋಡಿದರೂ ಸೀಲಿಂಗೇ ಸೊಟ್ಟ ಅನ್ನಬೇಕು. ಅಷ್ಟರಲ್ಲಿ ಕರೆಗಂಟೆ ಸದ್ದಾಯಿತು.

ಮಾವ ಮೆಟ್ಟಿಲು ಹತ್ತಿ ಬಂದು ಇಣುಕಿದರು. ಮುಖ ಅರಳಿತು.

"ಸೊಟ್ಟ! ನಾನು ಹೇಳ್ಲಿಲ್ವಾ? ನೀಲ್, ಕಾರಿಂದ ನನ್ನ ಪೆಟ್ಟಿಗೆ ತಗೊಂಡ್ ಬಾರೋ."

"ಗೋಲು ಇಟ್ಟು ನೋಡಿ ಮಾವ," ಎಂದಳು ಲೋರ್ನಾ. ನೀಲ್ ಪೆಟ್ಟಿಗೆ ತಂದ; ಮಾವ ಅದರಿಂದ ತಮ್ಮ ಗೋಲು ತೆಗೆದರು.

ಇಟ್ಟರು. ಗುಳ್ಳೆ ನಡುವೆ. ಇನ್ನೊಂದು ಮೂಲೆಯಲ್ಲಿ ಇಟ್ಟರು. ನಡುವೆ. ಗೋಲನ್ನೇ ತಿರುಗಿಸಿ ಇಟ್ಟರು. ಆಗಲೂ ನಡುವೆ.

"ಸೀಲಿಂಗು ಸರಿಯಾಗೇ ಇದೆಯಲ್ಲಾ. ಹಾಗಾದ್ರೆ ಸೊಟ್ಟಗಿರೋದು ಯಾವ್ದು?"

ಕೇಳಿದ ಮೇಲೆಯೇ ಅವರಿಗೆ ಹೊಳೆದದ್ದು. ನಿಧಾನವಾಗಿ ಗೋಲನ್ನು ತಮ್ಮ ಟೈಲ್ಸಿನ ಸಾಲಿಗೆ ಹಿಡಿದರು. ಗುಳ್ಳೆ ಓಡಿಹೋಗಿ ತುದಿಯಲ್ಲಿ ಕೂತಿತು. ನೀಲ್ ನಗು ತಡೆಯಲಾರದೆ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡ.

"ಮನೆ ವಾಲಿರ್ಬೇಕು," ಎಂದರು ಮಾವ.

"ಹೌದು ಮಾವ, ಮನೇನೇ ವಾಲಿರ್ಬೇಕು." ಲೋರ್ನಾಗೆ ಖುಷಿ ತಡೆಯಲಾಗಲಿಲ್ಲ, ಮಾವನ ಕೆಂಪೇರಿದ ಕಿವಿ ನೋಡಿ ಪಾಪವೂ ಅನಿಸಿತು. ಆದರೂ ಕೈ ಚಾಚಿದಳು. "ಆ ಗೋಲು ಸ್ವಲ್ಪ ಕೊಡ್ತೀರಾ? ಅಡುಗೆಮನೆ ಕಪಾಟೂ ವಾಲಿದ್ಯಾ ನೋಡ್ಬಿಡ್ತೀನಿ."

ಮಾವ ಗೋಲನ್ನು ಬೆನ್ನ ಹಿಂದೆ ಅಡಗಿಸಿದರು.

"ಅದೆಲ್ಲ ಏನೂ ಬೇಡ! ಹಳದಿ ಅಂದ್ಯಲ್ಲ, ಎಷ್ಟು ಡಬ್ಬ ಬಣ್ಣ ಬೇಕು ಹೇಳು. ನಾನೇ ತಂದ್ಕೊಡ್ತೀನಿ. ತಂದ್ಕೊಟ್ಟು ಮನೆಗೆ ಹೋಗ್ತೀನಿ."